ತೂಗುಗುಂಡು

ಎಮಿಲ್ ಜೆಮಾನ್ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುವುದನ್ನು ಅಭ್ಯಾಸ ಮಾಡಿಕೊಂಡು ವರ್ಷವಾಗುತ್ತ ಬಂದಿತ್ತು. ಮೊದಮೊದಲು ಕಾರ್ಖಾನೆಯವರು ಮುದುಕನಿಗೆ ಈಗ ಠೀವಿ ಬಂದಿದೆ ಎಂದು ನಕ್ಕರು. ಆಮೇಲೆ ಮರೆತರು. ಜೇಬಿನೊಳಗೆ ಆ ಕೈ ಏನು ಮಾಡುತ್ತಿದೆ ಎಂಬುದು ಅವನಿಗೆ, ಅವನ ಹೆಂಡತಿ ವ್ಲಾಸ್ತಾಳಿಗೆ ಮತ್ತು ಪಕ್ಕದ ಸಿಸೆರೊ ಊರಿನ ಒಬ್ಬ ಡಾಕ್ಟರಿಗೆ ಮಾತ್ರ ಗೊತ್ತು ಎಂದು ಅವನು ನಂಬಿಕೊಂಡಿದ್ದ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿ, ಇದು ಹೋಗುವಂಥದ್ದಲ್ಲ, ಬೆಳೆಯುವಂಥದ್ದು ಎಂದಿದ್ದರು. ವ್ಲಾಸ್ತಾ ಅಂದಿನಿಂದ ಅವನ ಸೂಪಿನ ಬಟ್ಟಲನ್ನು ಅರ್ಧ ಮಾತ್ರ ತುಂಬಿಸತೊಡಗಿದಳು.

ಗಾಜಿನ ಪೆಟ್ಟಿಗೆಯೊಳಗೆ ಉಕ್ಕಿನ ಚೆಂಡು ಓಡಿಸುವ ಪಿನ್‌ಬಾಲ್ ಆಟ ಕಟ್ಟುವವನಿಗೆ ಕೈ ಹೋದರೆ ಎಲ್ಲ ಹೋದಂತೆ. ನಕ್ಷೆ ಬರೆಯುವುದು ಕೈ, ಹಲಗೆ ಕೊರೆಯುವುದು ಕೈ, ಗೂಟ ಬಡಿಯುವುದು ಕೈ. ಕೊನೆಗೆ ಪೆಟ್ಟಿಗೆಯ ಎರಡೂ ಮಗ್ಗುಲು ಹಿಡಿದು ನಿಂತು, ಗುಂಡಿ ಒತ್ತಿ, ಚೆಂಡು ಓಡುವ ದಾರಿ ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದೂ ಕೈಯೇ. ಷಿಕಾಗೋದ ವಾಯುವ್ಯ ಮೂಲೆಯಲ್ಲಿ ರೈಲು ಹಳಿಗೆ ಬೆನ್ನು ಹಾಕಿ ನಿಂತಿದ್ದ ಲಾಸ್ಕರ್ ಕಾರ್ಖಾನೆಯಲ್ಲಿ, ಯುದ್ಧ ಮುಗಿಸಿ ಬಂದಾಗಿನಿಂದ ಎಮಿಲ್ ಇದನ್ನೇ ಮಾಡುತ್ತ ಬಂದಿದ್ದ. ಒಂದೊಂದು ಯಂತ್ರಕ್ಕೂ ಒಂದೊಂದು ವೇಷ: ಬೇಸ್‌ಬಾಲ್, ಬೌಲಿಂಗ್, ಕುದುರೆ ಜೂಜು. ಒಮ್ಮೆ ಯಾರದೋ ಮಾತು ಕಟ್ಟಿಕೊಂಡು ಬಿಲ್ಲುವಿದ್ಯೆ ಕೂಡ. ಬಿಲ್ಲುವಿದ್ಯೆ ನೆಲಕಚ್ಚಿತು. ಅದರ ಮಾತೆತ್ತಿದರೆ ಅವನಿಗೆ ಈಗಲೂ ಮೈಯೆಲ್ಲ ಉರಿಯುತ್ತಿತ್ತು.

ಈಗಿನದು ಹಾಕಿ, ಮಂಜುಗಡ್ಡೆಯ ಮೇಲಿನದು. ಹೆಸರು ‘ಓವರ್‌ಟೈಮ್’. ಚಕ್ರ, ಗಂಟೆ, ತಂತಿಗಳ ಆಟದಲ್ಲಿ ಇದೇ ಕೊನೆಯದು ಎಂದು ಯಜಮಾನ ನೇಟ್ ಲಾಸ್ಕರ್ ಕ್ರಿಸ್‌ಮಸ್ ಹೊತ್ತಿಗೇ ಹೇಳಿಬಿಟ್ಟಿದ್ದ. ಮೇಲಿನ ಮಹಡಿಯಲ್ಲಿ ಟೈ ಕಟ್ಟಿದ ಇಂಜಿನಿಯರುಗಳು ಬಂದು ಕೂತಾಗಿತ್ತು. ಅವರ ಎಲೆಕ್ಟ್ರಾನಿಕ್ ಯಂತ್ರಗಳಿಗೆ ಗಂಟೆಯೂ ಇರಲಿಲ್ಲ, ಅಂಕಿ ತಿರುಗಿಸುವ ಚಕ್ರವೂ ಇರಲಿಲ್ಲ. ಪಿಂಯ್ ಪಿಂಯ್ ಎನ್ನುತ್ತಿದ್ದವು, ಅಷ್ಟೇ. ನೇಟ್‌ನದು ಸುತ್ತಿಬಳಸುವ ಮಾತಲ್ಲ.

“ಗುರುವಾರ ಬಂದು ಆಡ್ತೀನಿ. ಒಂದು ಆಟ ಆದ್ಮೇಲೆ ಇನ್ನೊಂದು ಆಡ್ಬೇಕು ಅನ್ನಿಸಿದ್ರೆ ಕಟ್ತೀವಿ. ಅನ್ನಿಸ್ದಿದ್ರೆ ಕೆಳಗಿನ ಜಾಗಾನೂ ಮೇಲಿನವರಿಗೇ ಬಿಟ್ಕೊಡ್ತೀನಿ. ಬೇಜಾರು ಮಾಡ್ಕೋಬೇಡ” ಎಂದಿದ್ದ.

ಎಮಿಲ್‌ಗೆ ಬೇಕಾಗಿದ್ದದ್ದು ಇಷ್ಟೇ: ಈ ಒಂದು ಆಟ ಕಾರ್ಖಾನೆಯಿಂದ ಹೊರಬೀಳಬೇಕು. ಊರೂರಿನ ಬಾರುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಅದರ ಗಂಟೆ ಬಾರಿಸಬೇಕು. ಆಮೇಲೆ ಕೈ ಏನು ಬೇಕಾದರೂ ಆಗಲಿ. ಗುರುವಾರಕ್ಕೆ ಮೊದಲೇ ಕೈಯ ವಿಷಯ ಗೊತ್ತಾದರೆ ನೇಟ್ ಆಟದ ಹತ್ತಿರವೂ ಸುಳಿಯುವುದಿಲ್ಲ ಎಂಬುದು ಅವನ ಭಯ. ನಡುಗುವ ಕೈಯವನು ಕೊರೆದ ಹಲಗೆಯನ್ನು ಯಾರಾದರೂ ಯಾಕೆ ನಂಬಬೇಕು?

ಹಲಗೆ ಇನ್ನೂ ಬೋಳಾಗಿತ್ತು. ಬಣ್ಣವಿಲ್ಲ, ಬರೀ ಮೇಪಲ್ ಮರದ ಮೈ, ಅದರ ಮೇಲೆ ಪೆನ್ಸಿಲ್ ಗೆರೆ. ಮೇಲ್ತುದಿಯಲ್ಲಿ ಗೋಲು, ಅಂದರೆ ಚೆಂಡು ಕೂರುವಷ್ಟು ಒಂದು ಗುಳಿ. ಅದರ ಮುಂದೆ ಕಾವಲಿಗೆ ನಿಂತ ಮೂರು ಬಿಲ್ಲೆ. ಹೊಡೆದರೆ ಒಂದೊಂದೇ ಕೆಳಗೆ ಕುಸಿದು ದಾರಿ ಬಿಡುತ್ತವೆ. ನಡುವೆ ಎರಡು ದುಂಡನೆಯ ಬಂಪರ್‌ಗಳು, ಹತ್ತಿರ ಬಂದ ಚೆಂಡನ್ನು ಮೊಳಕೈಯಲ್ಲಿ ತಿವಿದು ಅಟ್ಟುವ ಒರಟು ಆಟಗಾರರಂತೆ. ಕೆಳಗೆ ಎರಡು ಫ್ಲಿಪ್ಪರ್, ಗುಂಡಿ ಒತ್ತಿದರೆ ಚೆಂಡನ್ನು ಮೇಲಕ್ಕೆ ಬಾರಿಸುವ ರೆಕ್ಕೆಗಳು. ಗೋಡೆಯ ಮೇಲೆ ಚಿತ್ರಕಾರ ಅಂಟಿಸಿಹೋಗಿದ್ದ ಬಣ್ಣದ ಕರಡು: ಗೋಲ್‌ಕೀಪರ್ ಮಂಜಿನ ಮೇಲೆ ಬೋರಲು ಬಿದ್ದಿದ್ದಾನೆ, ಹಿಂದೆ ಜನವೋ ಜನ. ಜನರ ನಡುವೆ ಕಾರ್ಖಾನೆಯವರ ಮುಖ ತೂರಿಸುವುದು ಈ ಚಿತ್ರಕಾರರ ಹಳೆಯ ಚಾಳಿ. ನೇಟ್‌ನ ಬಾಯಲ್ಲಿ ರೆಫರಿಯ ಪೀಪಿ ಇತ್ತು. ತಂತಿ ಹೆಣೆಯುವ ಬರ್ನೀಸ್ ಟಲಿಗೆ ನರಿಚರ್ಮದ ಕೋಟು ಬಂದಿತ್ತು. ಎಮಿಲ್ ಮಾತ್ರ ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದ.

ಆದರೆ ಆಟದ ಜೀವ ಇದ್ದದ್ದು ಎಡಗಡೆಯ ಓಣಿಯಲ್ಲಿ. ಯಾವ ಪಿನ್‌ಬಾಲ್‌ನಲ್ಲೂ ಅಂಚಿನ ಓಣಿಗೆ ಜಾರಿದ ಚೆಂಡು ಸತ್ತಂತೆ. ನೇರ ಹೋಗಿ ಕೆಳತುದಿಯ ಮೋರಿಗೆ ಬೀಳುತ್ತದೆ. ಎಮಿಲ್ ಆ ಓಣಿಯನ್ನು ‘ಪೆನಾಲ್ಟಿ ಬಾಕ್ಸ್’ ಮಾಡಿದ್ದ. ಹಾಕಿಯಲ್ಲಿ ತಪ್ಪು ಮಾಡಿದವನನ್ನು ಹೊರಗೆ ಕೂರಿಸುತ್ತಾರೆ. ಅವನೇನು ಸತ್ತಿಲ್ಲ, ಹೊತ್ತು ತೀರಿದರೆ ಎದ್ದು ಬರುತ್ತಾನೆ. ಹಾಗೆಯೇ ಓಣಿಯ ಬಾಯಿಯಲ್ಲಿ ರಬ್ಬರ್ ಬಳೆ ತೊಟ್ಟ ಒಂದು ಗೂಟ ನೆಟ್ಟಿದ್ದ. ಚೆಂಡು ಇಳಿಯುತ್ತದೆ, ಗೂಟಕ್ಕೆ ತಾಗುತ್ತದೆ, ಗೋಡೆಗೆ ತಾಗುತ್ತದೆ, ಒಂದು ಗಳಿಗೆ ಅನುಮಾನಿಸುತ್ತದೆ, ಆಮೇಲೆ ಛಂಗನೆ ನೆಗೆದು ಫ್ಲಿಪ್ಪರ್‌ಗೆ ವಾಪಸು ಬರುತ್ತದೆ. ಪ್ರತಿಸಲವೂ ಅಲ್ಲ, ಆಗೊಮ್ಮೆ ಈಗೊಮ್ಮೆ. ಆಡುವವನ ಜೀವ ಬಾಯಿಗೆ ಬಂದು ಮತ್ತೆ ಒಳಗೆ ಹೋಗಬೇಕು. ಮುಗಿಯಿತು ಎಂದುಕೊಂಡದ್ದು ಮುಗಿದಿರುವುದಿಲ್ಲ, ಅದಕ್ಕೇ ‘ಓವರ್‌ಟೈಮ್’.

ಎಮಿಲ್ ಆಡಿದಾಗ ಅದು ಹಾಗೆಯೇ ಆಗುತ್ತಿತ್ತು. ಬೇರೆ ಯಾರು ಆಡಿದರೂ ಆಗುತ್ತಿರಲಿಲ್ಲ.

ಚಿತ್ರಕಾರ ಆಡಿದ, ಚೆಂಡು ಮೋರಿಗೆ ಬಿತ್ತು. ಉಗ್ರಾಣದವನು ಆಡಿದ, ಮೋರಿಗೆ ಬಿತ್ತು. ಮೇಲಿನ ಮಹಡಿಯ ಒಬ್ಬ ಟೈ ಸರಿಮಾಡಿಕೊಳ್ಳುತ್ತ ಬಂದು ಆಡಿ, ನಿಮ್ಮ ಎಡಗಡೆಯ ಓಣಿ ಹೊಂಚುಹಾಕಿ ನುಂಗುತ್ತದೆ ಎಂದು ನಗುತ್ತ ಹೋದ. ಇವರಿಗೆ ಆಡಲು ಬರುವುದಿಲ್ಲ ಎಂದು ಎಮಿಲ್ ಮೊದಲು ಬೈದುಕೊಂಡ. ಆಮೇಲೆ ಗೂಟ ಕಿತ್ತು ಕೂದಲೆಳೆಯಷ್ಟು ಸರಿಸಿ ನೆಟ್ಟ. ತಾನು ಆಡಿ ನೋಡಿದ. ಚೆಂಡು ಸೊಗಸಾಗಿ ಬಂತು. ಮತ್ತೊಬ್ಬನನ್ನು ಕರೆದ, ಚೆಂಡು ಸತ್ತಿತು. ಅವನು ತಿದ್ದಿದಷ್ಟೂ ಆಟ ಅವನ ಕೈಗೆ ಒಗ್ಗುತ್ತ, ಉಳಿದವರ ಕೈಗೆ ಕೆಡುತ್ತ ಹೋಯಿತು. ಏನೂ ತೋಚದೆ ಅವನು ಹಲ್ಲು ಕಚ್ಚಿ ಗೂಟವನ್ನೇ ನೋಡುತ್ತ ನಿಲ್ಲುತ್ತಿದ್ದ. ಮಂಗಳವಾರ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಒಂದು ತುತ್ತೂ ಇಳಿಯದೆ ಎದ್ದ.

“ನೇಟ್‌ಗೆ ಹೇಳ್ಬಿಡು. ತಿನ್ನೋದಿಲ್ಲ, ಮಲಗೋದಿಲ್ಲ, ಹೀಗಾದ್ರೆ ಗುರುವಾರಕ್ಕೆ ಆಟ ಇರುತ್ತೆ, ನೀನಿರಲ್ಲ” ಎಂದಳು ವ್ಲಾಸ್ತಾ.

ಗುರುವಾರ ಕಳೆಯಲಿ ಎಂದಷ್ಟೇ ಅವನು ಹೇಳಿದ.

ಮರುದಿನ ಬೂದಿ ಬುಧವಾರ, ಕ್ಯಾಥೊಲಿಕರ ಉಪವಾಸ ಶುರುವಾಗುವ ದಿನ. ಕಾರ್ಖಾನೆಯ ಅರ್ಧದಷ್ಟು ಜನ ಪೋಲಿಷರು. ಊಟದ ಹೊತ್ತಿಗೆ ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಗುಂಪಾಗಿ ಚರ್ಚಿಗೆ ಹೋದರು. ಎಮಿಲ್‌ನ ಅಪ್ಪ ಪಾದ್ರಿಗಳನ್ನು ಮನೆಯ ಮೆಟ್ಟಿಲು ಹತ್ತಿಸದ ಹಳೆಯ ಬೊಹೀಮಿಯದವನು, ಬರ್ನೀಸ್ ಬ್ಯಾಪ್ಟಿಸ್ಟಳು. ಹಾಗಾಗಿ ಅಷ್ಟು ದೊಡ್ಡ ಕೆಳಮಹಡಿಯಲ್ಲಿ ಇವರಿಬ್ಬರು, ಮತ್ತು ಮಂಗಳವಾರ ಮಿಕ್ಕಿದ್ದ, ಜ್ಯಾಮ್ ತುಂಬಿ ಕರಿದ ಪೋಲಿಷ್ ಬನ್ನು ಪೌಂಚ್ಕಿಯ ಡಬ್ಬ. ನಮ್ಮಲ್ಲಿ ಬೂದಿ ಒಲೆಯಲ್ಲಿರುತ್ತೆ, ಹಣೆಯ ಮೇಲಲ್ಲ ಎಂದು ಬರ್ನೀಸ್ ಪ್ರತಿವರ್ಷದ ತಮಾಷೆಯನ್ನು ಈ ವರ್ಷವೂ ಹೇಳಿದಳು. ಎಮಿಲ್ ನಗಲಿಲ್ಲ. ನೀನೊಮ್ಮೆ ಆಡು ಎಂದ.

ಅವನ ಹಲಗೆಗಳಿಗೆಲ್ಲ ತಂತಿ ಬೆಸೆದವಳು ಅವಳು. ಬೈಗುಳ, ಬೇಸರ, ಹುಟ್ಟುಹಬ್ಬದ ಕೇಕು ಎಲ್ಲವನ್ನೂ ಇಬ್ಬರೂ ಹಂಚಿಕೊಂಡವರು. ಅವಳು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಕೈ ಒರೆಸಿಕೊಂಡು ಆಡಿದಳು. ಚೆಂಡು ಎಡಗಡೆಯ ಓಣಿಗೆ ಇಳಿದು ಗೂಟಕ್ಕೆ ತಾಗಿ ಸದ್ದಿಲ್ಲದೆ ಮೋರಿಗೆ ಹೋಯಿತು. ಇನ್ನೊಂದು ಚೆಂಡಿಗೂ ಅದೇ ಗತಿ. ಮತ್ತೊಂದಕ್ಕೂ ಅದೇ.

“ಕಂಬ ನಿಂತ ಹಾಗೆ ನಿಂತ್ಕೋತೀಯಲ್ಲ, ಅದಕ್ಕೇ ಹೀಗಾಗೋದು” ಎಂದು ಎಮಿಲ್ ರೇಗಿದ.

ಬರ್ನೀಸ್ ತನ್ನ ಕಾಫಿಯ ಲೋಟವನ್ನು ಎತ್ತಿ ಯಂತ್ರದ ಗಾಜಿನ ನಟ್ಟನಡುವೆ ಇಟ್ಟಳು. ಅದು ಆ ಕೋಣೆಯಲ್ಲಿ ಯಾರೂ ಮಾಡಬಾರದ ಕೆಲಸ. ಗಾಜಿನ ಮೇಲೆ ಲೋಟ ಇಟ್ಟ ಒಬ್ಬ ಬಡಗಿಯನ್ನು ಎಮಿಲ್ ಹಿಂದೊಮ್ಮೆ ಹೊರಗೆ ಅಟ್ಟಿದ್ದ. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು, ಬೈಯೋದು ಆಮೇಲೆ ಬೈ, ಈಗ ನೀನಾಡು ಎಂದಳು.

ಎಮಿಲ್ ಜೇಬಿನಿಂದ ಕೈ ತೆಗೆದು ಆಡಿದ. ಚೆಂಡು ಎಡಗಡೆಯ ಓಣಿಗೆ ಇಳಿಯಿತು, ಗೂಟಕ್ಕೆ ತಾಗಿತು, ಗೋಡೆಗೆ ತಾಗಿತು, ಅನುಮಾನಿಸಿತು, ನೆಗೆದು ಫ್ಲಿಪ್ಪರ್‌ಗೆ ಬಂತು.

“ನೋಡಿದ್ಯಾ” ಎಂದ ಎಮಿಲ್.

“ಲೋಟ ನೋಡು” ಎಂದಳು ಬರ್ನೀಸ್.

ಲೋಟದ ಬುಡದ ಸುತ್ತ ಗಾಜಿನ ಮೇಲೆ ಕಾಫಿ ಚೆಲ್ಲಿತ್ತು. ಒಳಗಿನ ಕಾಫಿ ಇನ್ನೂ ಸಣ್ಣಗೆ ಅಲುಗುತ್ತಿತ್ತು. ಅವಳು ಚೆಲ್ಲಿದ್ದನ್ನು ಒರೆಸಿ, ಲೋಟವನ್ನು ಅಲ್ಲೇ ಇಟ್ಟು, ತಾನು ಆಡಿದಳು. ಕಾಫಿ ಅಲುಗಲಿಲ್ಲ. ಚೆಂಡು ಮೋರಿಗೆ ಬಿತ್ತು.

ಎಮಿಲ್ ತನ್ನ ಕೈ ನೋಡಿಕೊಂಡ. ಚೆಂಡನ್ನು ವಾಪಸು ತರುತ್ತಿದ್ದದ್ದು ಗೂಟವಲ್ಲ. ಸಣಕಲು ಕಾಲುಗಳ ಮೇಲೆ ನಿಂತ, ಅಂಕಿ ತೋರಿಸುವ ತಲೆಯನ್ನು ಇನ್ನೂ ಕೂರಿಸದ ಹಗುರ ಪೆಟ್ಟಿಗೆ ಅದು. ಅಂಕಿಯ ಚಕ್ರಗಳೆಲ್ಲ ಪಕ್ಕದ ಬೆಂಚಿನ ಮೇಲಿದ್ದವು. ಅವನು ಮಗ್ಗುಲು ಹಿಡಿದ ಕೂಡಲೇ ಅವನ ನಡುಕ ಪೆಟ್ಟಿಗೆಗೆ ಇಳಿಯುತ್ತಿತ್ತು, ಆ ನಡುಕವೇ ಚೆಂಡನ್ನು ಎಬ್ಬಿಸುತ್ತಿತ್ತು. ವಾರಗಟ್ಟಲೆ ಒಂದೊಂದು ಗೂಟವನ್ನೂ ಅವನು ತನ್ನ ಕಾಯಿಲೆಗೆ ಹೊಂದಿಸಿ ನೆಟ್ಟಿದ್ದ. ಜಗತ್ತಿನಲ್ಲಿ ಒಬ್ಬನೇ ಒಬ್ಬ ರೋಗಿ ಆಡಬಹುದಾದ ಆಟ ಕಟ್ಟಿದ್ದ, ಅದನ್ನೇ ತನ್ನ ಬದುಕಿನ ಉತ್ತಮ ಕೆಲಸ ಎಂದು ಎದೆಯುಬ್ಬಿಸಿಕೊಂಡು ತಿರುಗಿದ್ದ.

ಇದು ಮೊದಲ ದಿನವೇ ಗೊತ್ತಾಗಬೇಕಿತ್ತು. ಪ್ರತಿ ಯಂತ್ರದ ಹೊಟ್ಟೆಯಲ್ಲೂ ಒಂದು ಉಂಗುರದ ನಡುವೆ ತೂಗುಗುಂಡು ನೇತಾಡುತ್ತಿರುತ್ತದೆ, ಗಾರೆಯವರು ಗೋಡೆಗೆ ಹಿಡಿಯುವಂಥದ್ದೇ, ಪುಟ್ಟದು. ಆಡುವವನು ಯಂತ್ರವನ್ನು ಅತಿಯಾಗಿ ಅಲುಗಿಸಿದರೆ ಗುಂಡು ಉಂಗುರಕ್ಕೆ ತಾಗುತ್ತದೆ. ‘ಟಿಲ್ಟ್’ ಎಂದು ದೀಪ ಹತ್ತುತ್ತದೆ, ಉಳಿದ ದೀಪಗಳೆಲ್ಲ ಆರಿ ಆ ಚೆಂಡು ಸಾಯುತ್ತದೆ. ಆದರೆ ಬೋಳು ಹಲಗೆ ತಿದ್ದುವಾಗ ಆಟ ಮಾಡುವ ಜನ ಅದನ್ನು ಕಟ್ಟುವುದಿಲ್ಲ. ತಮ್ಮ ಆಟವನ್ನು ತಾವು ಎಷ್ಟು ಬೇಕಾದರೂ ದಬ್ಬಾಡುವುದು, ಗುಂಡನ್ನು ಕಡೆಯ ದಿನ ನೇತುಹಾಕುವುದು, ಇದು ಅವರೆಲ್ಲರ ರೂಢಿ. ಎಮಿಲ್ ಅದನ್ನು ತಪ್ಪು ಎಂದುಕೊಂಡವನೇ ಅಲ್ಲ.

ಬರ್ನೀಸ್ ಡ್ರಾಯರಿನಿಂದ ಗುಂಡು ತಂದು ನೇತುಹಾಕಿ ತಂತಿ ಬೆಸೆದಳು. ಎಮಿಲ್ ಪೆಟ್ಟಿಗೆಯ ಮೇಲೆ ಕೈ ಇಟ್ಟ. ಚೆಂಡು ಹೊರಡುವ ಮೊದಲೇ ದೀಪಗಳು ಆರಿದವು.

“ಯಾವಾಗ್ಲಿಂದ?” ಎಂದು ಅವಳು ಕೇಳಿದಳು.

“ಹೋದ ವಸಂತದಿಂದ.”

“ನಿನ್ನ ಪೆನ್ಸಿಲ್ ಗೆರೆ ನೋಡಿದಾಗ್ಲೇ ನಂಗೆ ಅನುಮಾನ ಇತ್ತು ಮಾರಾಯ. ಕೇಳೋಕೆ ಬಾಯಿ ಬರ್ಲಿಲ್ಲ.”

ಎಮಿಲ್ ಸ್ಟೂಲಿನ ಮೇಲೆ ಕುಸಿದ. ಅಳು ಬಂತು, ಅತ್ತ. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದವಳ ಮುಂದೆ ನಾಚಿಕೆಯೂ ಆಗಲಿಲ್ಲ. ಕಣ್ಣೊರೆಸಿಕೊಂಡು ಮೊದಲು ಅವನ ಬಾಯಿಂದ ಬಂದದ್ದು ಒಳ್ಳೆಯ ಮಾತೇನಲ್ಲ. ಆ ಗುಂಡನ್ನು ಕಿತ್ತುಹಾಕು, ನಾಳೆ ನೇಟ್‌ನ ಮುಂದೆ ನಾನೇ ಆಡಿ ತೋರಿಸುತ್ತೇನೆ, ನನ್ನ ಕೈಯಲ್ಲಿ ಚೆಂಡು ಬರುತ್ತದಲ್ಲ, ಅಷ್ಟು ಸಾಕು ಎಂದ.

“ಆಮೇಲೆ ನೇಟ್ ಆಡ್ತಾರಲ್ಲ, ಅವರಿಗೂ ನಡುಗೋಕೆ ಹೇಳ್ಕೊಡ್ತೀಯಾ?” ಎಂದಳು ಬರ್ನೀಸ್.

ಹೊರಗೆ ಸರಕಿನ ರೈಲೊಂದು ಹಾದುಹೋಯಿತು. ಆಮೇಲೆ ಎಮಿಲ್ ಎದ್ದು, ಇಕ್ಕಳವನ್ನು ಅವಳ ಕೈಗೆ ಕೊಟ್ಟು, ಓಣಿಯ ಗೂಟ ಕೀಳು ಎಂದ. ನೀನಾಡು, ನಾನು ನೋಡುತ್ತೇನೆ.

ಅವನು ಯಾವತ್ತೂ ಆಟವನ್ನು ನೋಡಿ ಕಲಿತವನಲ್ಲ, ಆಡಿ ಕಲಿತವನು. ಚೆಂಡು ಗೂಟಕ್ಕೆ ತಾಗಿದ್ದು ಅವನಿಗೆ ಅಂಗೈಯಲ್ಲಿ ಗೊತ್ತಾಗಬೇಕು. ಈಗ ಕೈಗಳೆರಡನ್ನೂ ಕಂಕುಳಲ್ಲಿ ಅದುಮಿಕೊಂಡು, ಗಾಜಿನ ಮಟ್ಟಕ್ಕೆ ಗಲ್ಲ ತಂದು, ಕುಕ್ಕರಗಾಲಲ್ಲಿ ಕೂತು ಕಣ್ಣಿನಿಂದಲೇ ಕಟ್ಟಬೇಕಾಯಿತು. ಬರ್ನೀಸ್ ಆಡಿದಳು, ಚೆಂಡು ಸತ್ತಿತು. ಒಂದು ಕೂದಲು ಒಳಗೆ, ಎಂದ. ಅವಳು ಗೂಟ ಕಿತ್ತು, ಹಳೆಯ ತೂತಿಗೆ ಬೆಂಕಿಕಡ್ಡಿಯನ್ನು ಅಂಟು ಹಚ್ಚಿ ತುರುಕಿ, ಹೊಸ ತೂತು ಕೊರೆದು ನೆಟ್ಟಳು. ಆಡಿದಳು, ಸತ್ತಿತು. ಇನ್ನೊಂಚೂರು ಕೆಳಗೆ, ಎಂದ. ಸತ್ತಿತು. ಇಲ್ಲ, ಹೆಚ್ಚಾಯಿತು, ಅರ್ಧ ಮೇಲೆ. ಚರ್ಚಿಗೆ ಹೋದವರು ಹಣೆಯ ಮೇಲೆ ಬೂದಿಯೊಂದಿಗೆ ಹಿಂದಿರುಗಿ, ಬಾಗಿಲಲ್ಲಿ ನಿಂತು ನೋಡಿ, ಅವನ ಮುಖ ಕಂಡು ಸದ್ದು ಮಾಡದೆ ತಮ್ಮ ತಮ್ಮ ಕೆಲಸಕ್ಕೆ ಹೋದರು. ಆ ಮಧ್ಯಾಹ್ನ ಎಷ್ಟು ಚೆಂಡು ಸತ್ತವೋ ದೇವರೇ ಬಲ್ಲ, ಅವನಿದ್ದರೆ. ಗೂಟದ ಸುತ್ತ ಹಲಗೆ ತೂತುಬಿದ್ದು ಜರಡಿಯಾಗಿತ್ತು. ಇನ್ನು ಕೊರೆದರೆ ಮರವೇ ಹಿಡಿಯುವಂತಿರಲಿಲ್ಲ.

ಕಿಟಕಿಯ ಬೆಳಕು ಬಾಡುವ ಹೊತ್ತಿಗೆ ಚೆಂಡೊಂದು ಓಣಿಗೆ ಇಳಿಯಿತು, ಗೂಟಕ್ಕೆ ತಾಗಿತು, ಗೋಡೆಗೆ ತಾಗಿತು, ನಿಂತಂತೆ ಮಾಡಿತು, ನೆಗೆಯಿತು.

“ಬಂತು” ಎಂದಳು ಬರ್ನೀಸ್, ಮೆಲ್ಲಗೆ.

ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಬಂತು. ಲೋಟದ ಕಾಫಿ ಅಲುಗಿರಲಿಲ್ಲ. ಎಮಿಲ್ ಎದ್ದುನಿಂತು ಎರಡೂ ಕೈ ಮುಂದೆ ಚಾಚಿದ. ಒಂದೇ ಒಂದು ಚೆಂಡು ಆಡಿ ನೋಡಬೇಕು ಅನ್ನಿಸಿತ್ತು. ಬರ್ನೀಸ್ ಬೇಡ ಎಂದು ತಲೆಯಾಡಿಸಿದಳು. ಅವನು ಕೈಗಳನ್ನು ಹಿಂದಕ್ಕೆ ತೆಗೆದುಕೊಂಡ. ತಾನು ಕಟ್ಟಿದ ಆಟವನ್ನು ತಾನು ಇನ್ನು ಮುಟ್ಟುವಂತಿಲ್ಲ ಎಂಬುದು ಆಗ ಅವನಿಗೆ ಪೂರ್ತಿಯಾಗಿ ಅರ್ಥವಾಯಿತು.

ಲಾಸ್ಕರ್ ಕಾರ್ಖಾನೆಯಲ್ಲಿ ಒಂದು ಕಟ್ಟಳೆಯಿತ್ತು. ಹೊಸ ಆಟದ ಮೊದಲ ಚೆಂಡನ್ನು ಕಟ್ಟಿದವನೇ ಆಡಬೇಕು. ಅಡುಗೆ ಮಾಡಿದವನು ಮೊದಲು ರುಚಿ ನೋಡಲಿ ಎಂದು ನೇಟ್‌ನ ಅಪ್ಪ ಶುರುಮಾಡಿದ್ದು. ಗುರುವಾರ ಬೆಳಿಗ್ಗೆ ಎಮಿಲ್ ಬಲಗೈಯ ಬೆರಳುಗಳಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದ. ಬೆಸುಗೆಯ ಕಡ್ಡಿ ತಗುಲಿ ಸುಟ್ಟಿತು, ನನ್ನ ಬದಲು ಬರ್ನೀಸ್ ಆಡುತ್ತಾಳೆ ಎಂದ. ಬೆಸುಗೆಯ ಕೆಲಸ ಯಾವಾಗಿನಿಂದ ನಿನ್ನದಾಯಿತು ಎಂದು ನೇಟ್ ಹುಬ್ಬು ಗಂಟಿಕ್ಕಿದ. ಕಟ್ಟಳೆ ಮುರಿದದ್ದು ಅವನಿಗೆ ಹಿಡಿಸಲಿಲ್ಲ. ಆದರೂ ಪಕ್ಕಕ್ಕೆ ಸರಿದು ಬರ್ನೀಸ್‌ಗೆ ಜಾಗ ಕೊಟ್ಟ. ಅವಳು ಗಡಿಬಿಡಿಯಿಲ್ಲದೆ ಒಂದು ಚೆಂಡು ಆಡಿ ಮುಗಿಸಿ ಹಿಂದೆ ನಿಂತಳು.

ನೇಟ್ ಕೋಟು ಬಿಚ್ಚಿ ಬೆಂಚಿನ ಮೇಲೆಸೆದು, ಮೊದಲಿನಿಂದ ಆಟ ಶುರುಮಾಡಿದ. ಮೊದಲ ಚೆಂಡು ಬಂದ ಹಾಗೆಯೇ ಹೋಯಿತು. ನೇಟ್ ಗಡಿಯಾರ ನೋಡಿದ. ಎರಡನೆಯದು ಬಂಪರ್‌ಗಳ ನಡುವೆ ಸಿಕ್ಕಿ ಪೆಟ್ಟು ತಿಂದು ಹೊರಬಂದು ಒಂದು ಬಿಲ್ಲೆ ಬೀಳಿಸಿತು. ಇನ್ನೊಂದು ಬಿತ್ತು. ನೇಟ್‌ನ ಬೆನ್ನು ಬಾಗಿತು. ಮೂರನೆಯ ಬಿಲ್ಲೆಯೂ ಬಿದ್ದು ಗೋಲು ಬಾಯ್ತೆರೆಯಿತು. ಅಷ್ಟರಲ್ಲಿ ಚೆಂಡು ಅಂಚಿಗೆ ಸಿಡಿದು ಎಡಗಡೆಯ ಓಣಿಗೆ ಜಾರಿತು. ನೇಟ್ ಥತ್ ಎಂದು ಗುಂಡಿಯಿಂದ ಬೆರಳು ತೆಗೆದ. ಚೆಂಡು ಗೂಟಕ್ಕೆ ತಾಗಿತು, ಗೋಡೆಗೆ ತಾಗಿತು, ನಿಂತಂತೆ ಮಾಡಿತು, ನೆಗೆದು ಅವನ ಫ್ಲಿಪ್ಪರ್‌ನ ಮುಂದೆ ಬಂದು ಬಿತ್ತು. ನೇಟ್ ಬೆಚ್ಚಿಬಿದ್ದು ಗುಂಡಿ ಬಾರಿಸಿದ. ಚೆಂಡು ಹಲಗೆಯುದ್ದಕ್ಕೂ ಹೋಗಿ ಗೋಲಿನಲ್ಲಿ ಕೂತಿತು. ಗಂಟೆಗಳು ಒಂದರ ಮೇಲೊಂದು ಬಾರಿಸಿದವು. ನೇಟ್ ನಕ್ಕ. ವರ್ಷಗಳಿಂದ ಯಾವ ಯಂತ್ರದ ಮುಂದೆಯೂ ಅವನು ಹಾಗೆ ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಗುಳಿಯಿಂದ ಹೊರಗೆ ಚಿಮ್ಮಿದ ಚೆಂಡನ್ನು ಅವನು ಹಿಡಿದು ಆಡತೊಡಗಿದ. ಆ ನಗು ಕೇಳಿ ಎಮಿಲ್ ಎಲ್ಲವನ್ನೂ ಮರೆತ. ಮುಂದೆ ಬಂದು, ಮಗುವಿನ ಬೆನ್ನ ಮೇಲೆ ಇಡುವಂತೆ, ಪೆಟ್ಟಿಗೆಯ ಅಂಚಿನ ಮೇಲೆ ಬಲಗೈ ಇಟ್ಟ.

ದೀಪಗಳು ಆರಿದವು. ಫ್ಲಿಪ್ಪರ್‌ಗಳು ಸತ್ತವು. ಪಕ್ಕದ ಬೆಂಚಿನ ಮೇಲೆ ‘ಟಿಲ್ಟ್’ ಎಂಬ ಪುಟ್ಟ ದೀಪ ಹತ್ತಿತು, ಚೆಂಡು ಉರುಳಿಕೊಂಡು ಮೋರಿಗೆ ಹೋಯಿತು.

“ನಾನು ಅಲುಗಿಸೇ ಇಲ್ಲ” ಎಂದ ನೇಟ್. ಅವನ ಕಣ್ಣು ಇನ್ನೂ ಹಲಗೆಯ ಮೇಲೇ ಇತ್ತು. “ಬರ್ನೀಸ್, ನಿನ್ನ ಗುಂಡು ತೀರಾ ಬಿಗಿಯಾಯ್ತು. ದೊಡ್ಡ ಉಂಗುರ ಹಾಕು. ಹೀಗಾದ್ರೆ ಯಾರಾಡ್ತಾರೆ ಇದನ್ನ?”

ಬರ್ನೀಸ್ ಎಮಿಲ್‌ನ ಮುಖ ನೋಡಿದಳು. ಅವನು ಹೂಂ ಎಂದರೆ ಅವಳು ಬಾಯಿ ಮುಚ್ಚಿಕೊಂಡು ಉಂಗುರ ಬದಲಿಸುತ್ತಿದ್ದಳು. ಕೈ ಜೇಬಿಗೆ ಹಿಂದಿರುಗುತ್ತಿತ್ತು, ಅವನೂ ತನ್ನ ಸ್ಟೂಲಿಗೆ ಹಿಂದಿರುಗುತ್ತಿದ್ದ, ಇನ್ನೂ ಕೆಲವು ತಿಂಗಳು. ಆದರೆ ಗುಂಡು ಸಡಿಲವಾದರೆ ಬಾರಿನಲ್ಲಿ ಕುಡಿದ ಯಾವ ದಾಂಡಿಗ ಬೇಕಾದರೂ ಯಂತ್ರವನ್ನು ಎತ್ತಿ ಕುಕ್ಕಿ ಪ್ರತಿಸಲ ಚೆಂಡನ್ನು ಓಣಿಯಿಂದ ಎಬ್ಬಿಸಿಕೊಳ್ಳುತ್ತಾನೆ. ಯಾರು ಬೇಕಾದರೂ ತರಬಹುದಾದ ಚೆಂಡು ವಾಪಸು ಬಂದರೆಷ್ಟು, ಬಿಟ್ಟರೆಷ್ಟು. ಆಟ ಅಲ್ಲಿಗೆ ಮುಗಿಯುತ್ತದೆ.

“ಬೇಡ ನೇಟ್” ಎಂದ ಎಮಿಲ್. “ಗುಂಡು ಸರಿಯಾಗೇ ಇದೆ. ನಡುಗ್ತಿರೋದು ನನ್ನ ಕೈ. ಸುಟ್ಟಿದ್ದು ಸುಳ್ಳು.”

ಕೈ ಪೆಟ್ಟಿಗೆಯ ಮೇಲೇ ಇತ್ತು. ಗಾಜು ಅದರ ಚೌಕಟ್ಟಿನೊಳಗೆ ಸಣ್ಣಗೆ ಗಲಗಲ ಎನ್ನುವುದು ಮೂವರಿಗೂ ಕೇಳಿಸಿತು. ನೇಟ್ ಮೊದಲ ಬಾರಿಗೆ ಆ ಕೈಯನ್ನು ನೋಡಿದ, ಬಹಳ ಹೊತ್ತು ನೋಡಿದ. ಅವನ ಮುಖದ ಮೇಲೆ ಒಮ್ಮೆ ಸಿಟ್ಟು ಬಂದು ಹೋಯಿತು, ಆಮೇಲೆ ಬೇರೇನೋ ಬಂತು. ನಾಳೆಯಿಂದ ಬರಬೇಡ ಎನ್ನುತ್ತಾನೆ ಎಂದು ಎಮಿಲ್ ಕಾದ. ನೇಟ್ ಯಂತ್ರದ ಕಡೆ ತಿರುಗಿ, ಅಂಗಿಯ ತೋಳು ಮಡಚಿ, ಪೆಟ್ಟಿಗೆಯ ಎರಡೂ ಮಗ್ಗುಲು ಹಿಡಿದುಕೊಂಡ.

“ಹಾಗಾದ್ರೆ ಕೈ ತೆಗಿ ಎಮಿಲ್” ಎಂದ. “ಇನ್ನೊಂದು ಆಟ ಆಡ್ಬೇಕು.”

ಎಮಿಲ್ ಕೈ ತೆಗೆದ. ಗಾಜಿನ ಸದ್ದು ನಿಂತಿತು. ಅವನು ಹಿಂದೆ ಸರಿದು ಗೋಡೆಗೆ ಒರಗಿದ, ಬರ್ನೀಸ್ ಹೊಸ ಆಟದ ಗುಂಡಿ ಒತ್ತಿದಳು.